ಮೆಟ್ಟಿಲು, ಬಚ್ಚಲುಮನೆಯ ದೀಪಕ್ಕೆ ಮೋಷನ್ ಸೆನ್ಸರ್

ಪಿಐಆರ್ ಸೆನ್ಸರ್ (ಸಾಮಾನ್ಯವಾಗಿ ಸಿಗುವ ಮೋಷನ್ ಸೆನ್ಸರ್) ಗುರುತಿಸುವುದು ಮೈಶಾಖದ ಚಲನೆಯನ್ನು. ನೇರ ಎದುರಿನಿಂದ ನಡೆದು ಬಂದರೆ ಅದಕ್ಕೆ ತಡವಾಗಿ ಗೊತ್ತಾಗುತ್ತದೆ, ಅಡ್ಡ ಹಾದರೆ ತಕ್ಷಣ. ಆದ್ದರಿಂದ ಮೆಟ್ಟಿಲ ಪಕ್ಕದ ಗೋಡೆಯಲ್ಲಿ, 2ರಿಂದ 2.5 ಮೀಟರ್ ಎತ್ತರದಲ್ಲಿ ಕೂರಿಸಿ. ಒಲೆ, ಬಿಸಿಲು ಬೀಳುವ ಕಿಟಕಿ ಎದುರು ಬೇಡ. ಗಾಜಿನ ಆಚೆಗಿನವರು ಅದಕ್ಕೆ ಕಾಣುವುದಿಲ್ಲ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಗೋಡೆಯ ಬಿಸಿ ಮೈಬಿಸಿಯ ಹತ್ತಿರ ಬಂದಾಗ ಅದರ ವ್ಯಾಪ್ತಿಯೂ ಕುಗ್ಗುತ್ತದೆ. ಆಗ ಸೆನ್ಸಿಟಿವಿಟಿ ಏರಿಸಿ.

ಬೇಕಾದದ್ದು ಜಿಗ್‌ಬೀ (ಮನೆಯ ಸಾಧನಗಳು ತಂತಿಯಿಲ್ಲದೆ ಸಂಪರ್ಕಿಸುವ ವಿಧಾನ) ಸೆನ್ಸರ್, ಜಿಗ್‌ಬೀ ಬಲ್ಬು, ಅವೆರಡನ್ನೂ ಜೋಡಿಸುವ ಒಂದು ಹಬ್. ಗೋಡೆಯ ಸ್ವಿಚ್ ಸದಾ ಆನ್ ಇರಬೇಕು. ಯಾರಾದರೂ ಅಭ್ಯಾಸಬಲದಿಂದ ಆರಿಸಿದರೆ ಬಲ್ಬು ಹಬ್‌ಗೆ ಸಿಗುವುದಿಲ್ಲ.

ಹೋಮ್ ಅಸಿಸ್ಟೆಂಟ್ (ಮನೆಯ ಸಾಧನಗಳನ್ನು ನಿಯಂತ್ರಿಸುವ ತಂತ್ರಾಂಶ) ಬಳಸುವವರು ಆಟೊಮೇಷನ್ ಹೀಗೆ ಬರೆಯಿರಿ: ಚಲನೆ ಕಂಡರೆ ದೀಪ ಹಚ್ಚು, ಚಲನೆ ನಿಲ್ಲುವವರೆಗೆ ಕಾಯಿ, ಮತ್ತೆ 2 ನಿಮಿಷ ಬಿಟ್ಟು ಆರಿಸು. ಮೋಡ್ 'ರೀಸ್ಟಾರ್ಟ್' ಇರಲಿ, ಆಗ ಹೊಸ ಚಲನೆ ಕಂಡಾಗಲೆಲ್ಲ ಆಟೊಮೇಷನ್ ಮೊದಲಿನಿಂದ ಶುರುವಾಗುತ್ತದೆ. 'ಸಿಂಗಲ್' ಇದ್ದರೆ ಆ 2 ನಿಮಿಷದೊಳಗೆ ಇನ್ನೊಬ್ಬರು ಬಂದದ್ದು ಲೆಕ್ಕಕ್ಕೇ ಬರುವುದಿಲ್ಲ, ಅವರು ನಡುಮೆಟ್ಟಿಲಲ್ಲಿರುವಾಗಲೇ ಕತ್ತಲಾಗುತ್ತದೆ. ವಯಸ್ಸಾದವರಿರುವ ಮನೆಯಲ್ಲಿ ಇದು ಅಪಾಯ. ಬ್ಯಾಟರಿ ಸೆನ್ಸರ್‌ಗಳಲ್ಲಿ ಕೆಲವು ಒಮ್ಮೆ ಚಲನೆ ಕಂಡ ಮೇಲೆ 60 ಸೆಕೆಂಡು ಸುಮ್ಮನಿರುತ್ತವೆ, ಆದ್ದರಿಂದ ಕಾಯುವ ಅವಧಿಯನ್ನು ಅದಕ್ಕಿಂತ ಕಡಿಮೆ ಮಾಡಬೇಡಿ.

ಬೆಳಕಿನ ಮಟ್ಟವನ್ನು ಹಚ್ಚುವಾಗ ಮಾತ್ರ ಪರೀಕ್ಷಿಸಿ. ಆರಿಸುವುದಕ್ಕೂ ಅದನ್ನೇ ನಂಬಿದರೆ ಬಲ್ಬಿನ ಬೆಳಕನ್ನೇ ಹಗಲೆಂದು ತಿಳಿದು ದೀಪ ಹತ್ತಿ ಆರುತ್ತಿರುತ್ತದೆ. ರಾತ್ರಿ 11ರಿಂದ ಬೆಳಗಿನ 5ರವರೆಗೆ 10% ಬೆಳಕು ಸಾಕು.

ಬಚ್ಚಲುಮನೆಯಲ್ಲಿ ಅಲುಗಾಡದೆ ಕೂತವರನ್ನು ಪಿಐಆರ್ ಮರೆತುಬಿಡುತ್ತದೆ. ಅಲ್ಲಿ ಎಂಎಂವೇವ್ (ರೇಡಿಯೊ ಅಲೆಗಳಿಂದ ಸಣ್ಣ ಅಲುಗಾಟವನ್ನೂ ಗುರುತಿಸುವ) ಸೆನ್ಸರ್ ಒಳ್ಳೆಯದು. ಎಗ್ಸಾಸ್ಟ್ ಫ್ಯಾನ್ ಕಡೆಗೆ ಮಾತ್ರ ತಿರುಗಿಸಬೇಡಿ.