ಚಳಿಗೆ ಕೈ ಓಡುತ್ತದೆ, ಮಸ್ಕಿಗೆ ನಿಧಾನ ಬೇಕು

ಅಮೆರಿಕದ ಮಿನ್ನೆಸೋಟಾದಲ್ಲಿ ಅಕ್ಟೋಬರ್ ಮುಗಿಯುವ ಹೊತ್ತಿಗೆ ಹೆಚ್ಚಿನವರು ದೋಣಿಯನ್ನು ಶೆಡ್ಡಿಗೆ ಸೇರಿಸಿರುತ್ತಾರೆ. ಮಸ್ಕಿ ಹುಚ್ಚು ಹತ್ತಿದವರು ಮಾತ್ರ ಆಗಲೇ ನೀರಿಗಿಳಿಯುತ್ತಾರೆ. ಮಸ್ಕಿ ಸಿಹಿನೀರಿನ ಬೇಟೆಗಾರ ಮೀನು. ಉದ್ದ ಮೂತಿ, ಬಾಯಿ ತುಂಬ ಹಲ್ಲು. ‘ಹತ್ತು ಸಾವಿರ ಎಸೆತದ ಮೀನು’ ಎಂಬ ಅಡ್ಡಹೆಸರು ಸುಮ್ನೆ ಬಂದಿಲ್ಲ, ಅಷ್ಟು ಸಲ ಗಾಳ ಎಸೆದರೆ ಒಂದು ಸಿಕ್ಕೀತು ಅಂತ. ಆದರೆ ಚಳಿಗಾಲಕ್ಕೆ ಮುಂಚೆ ದೊಡ್ಡ ಹೆಣ್ಣು ಮೀನುಗಳಿಗೆ ಹಸಿವು ಜಾಸ್ತಿ. ಒಳಗೆ ಮೊಟ್ಟೆ ಬೆಳೆಯುತ್ತಿರುತ್ತದೆ.

ಮೊದಲು ನೀರಿನ ತಾಪ ನೋಡಿ. ಬೇಸಿಗೆಯಲ್ಲಿ ಆಳದ ಕೆರೆಯ ನೀರು ಮೇಲೆ ಬೆಚ್ಚಗೆ, ಕೆಳಗೆ ತಣ್ಣಗೆ, ಪದರಪದರವಾಗಿರುತ್ತದೆ. ಮೇಲಿನ ನೀರು ತಣ್ಣಗಾಗಿ ಭಾರವಾದರೆ ಕೆಳಗಿಳಿಯುತ್ತದೆ. ಜೊತೆಗೆ ಗಾಳಿ ಬೀಸಿದರೆ ಇಡೀ ಕೆರೆ ಕಲಕಿಹೋಗುತ್ತದೆ. ಸಾಮಾನ್ಯವಾಗಿ ಇದು 10ರಿಂದ 13 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ. ಆ ಕೆಲವು ದಿನ ಮೀನು ಎಲ್ಲೆಲ್ಲೋ ಚದುರಿರುತ್ತದೆ, ಅಲ್ಲಿ ಒದ್ದಾಡಬೇಡಿ. ನೀರು 10 ಡಿಗ್ರಿಗಿಂತ ಕೆಳಗಿಳಿದ ಮೇಲೆ ಬನ್ನಿ.

ಎಲ್ಲಿ ಎಸೆಯಬೇಕು? ವರ್ಮಿಲಿಯನ್, ಮಿಲ್ ಲ್ಯಾಕ್ಸ್‌ನಂಥ ಸರೋವರಗಳಲ್ಲಿ ಸಿಸ್ಕೊ ಎಂಬ ಕೊಬ್ಬಿನ ಮೀನಿದೆ. ನೀರು 4–5 ಡಿಗ್ರಿಗೆ ಬಂದಾಗ ಅದು ಮೊಟ್ಟೆಯಿಡಲು ಕಲ್ಲು, ಜಲ್ಲಿಯ ದಿಬ್ಬಗಳಿಗೆ ಬರುತ್ತದೆ. ಮಸ್ಕಿ ಹಿಂದೆಯೇ ಬರುತ್ತದೆ. ಪಕ್ಕದಲ್ಲೇ ನೀರು ಥಟ್ಟನೆ ಆಳಕ್ಕಿಳಿಯುವ ದಿಬ್ಬವನ್ನೇ ಆರಿಸಿ. ಇನ್ನೂ ಹಸಿರಾಗಿರುವ ನೀರುಗಿಡ ಕಂಡರೆ ಅಲ್ಲೂ ಒಂದು ಕೈ ನೋಡಿ.

ಎಂಟೂವರೆ–ಒಂಬತ್ತು ಅಡಿಯ ಗಟ್ಟಿ ಕೋಲು, 80ರಿಂದ 100 ಪೌಂಡ್ ತಡೆಯುವ ಹೆಣೆದ ದಾರ, ಅದರ ತುದಿಗೆ ಮೀನಿನ ಹಲ್ಲಿಗೆ ತುಂಡಾಗದ ಲೀಡರ್, ಅಂದರೆ ದಾರಕ್ಕೂ ಗಾಳಕ್ಕೂ ನಡುವಿನ ಗಟ್ಟಿ ತುಂಡು. ತುದಿಗೆ ಗೇಣುದ್ದಕ್ಕೂ ಮೀರಿದ ರಬ್ಬರ್ ಮೀನು.

ಇನ್ನು ಅಸಲಿ ಕೆಲಸ. ಎಸೆದು, ಮುಳುಗಲು ಬಿಡಿ. ಕೋಲಿನಿಂದ ಮೆಲ್ಲಗೆ ಎಳೆಯಿರಿ, ನಿಲ್ಲಿಸಿ, ಮತ್ತೆ ಮುಳುಗಲಿ. ತಣ್ಣೀರಿನಲ್ಲಿ ಮೀನಿನ ಮೈ ಮಂದ, ದೂರ ಅಟ್ಟಿಸಿಕೊಂಡು ಬರುವುದಿಲ್ಲ. ನಮ್ಮ ಕಥೆ ಉಲ್ಟಾ. ಚಳಿ ಹೆಚ್ಚಾದಷ್ಟೂ ಕೈ ತಾನಾಗಿ ರೀಲನ್ನು ಬೇಗ ತಿರುಗಿಸುತ್ತದೆ! ನನ್ನ ಮೊದಲ ನವೆಂಬರ್ ಪೂರ್ತಿ ಹೋಗಿದ್ದು ಇದೇ ತಪ್ಪಿಗೆ. ಈಗ ಪ್ರತಿ ನಿಲುಗಡೆಗೂ ಮನಸ್ಸಿನಲ್ಲೇ ಮೂರು ಎಣಿಸುತ್ತೇನೆ. ಕೆಲವೊಮ್ಮೆ ಮೀನು ಕಚ್ಚಿದ ಹೊಡೆತ ‘ಧಡ್’ ಅನ್ನುವುದೇ ಇಲ್ಲ, ದಾರ ಸಡಿಲಾದಂತೆ ಅನಿಸುತ್ತದೆ, ಅಷ್ಟೇ. ಅನುಮಾನ ಬಂದರೆ ಜೋರಾಗಿ ಎಳೆಯಿರಿ.

ರಬ್ಬರ್ ಮೀನು ದೋಣಿಯ ಪಕ್ಕಕ್ಕೆ ಬಂತೆಂದು ಮೇಲೆತ್ತಬೇಡಿ. ಕೋಲಿನ ತುದಿಯನ್ನು ನೀರಿಗಿಳಿಸಿ ಇಂಗ್ಲಿಷಿನ ಎಂಟರ ಆಕಾರದಲ್ಲಿ ದೊಡ್ಡದಾಗಿ, ನಿಧಾನಕ್ಕೆ ತಿರುಗಿಸಿ. ಬೆನ್ನಟ್ಟಿ ಬಂದ ಮಸ್ಕಿ ಎಷ್ಟೋ ಸಲ ಅಲ್ಲೇ ಬಾಯಿ ಹಾಕುತ್ತದೆ. ಕೋಲಿನ ಮೇಲೆ ದಾರ ಹಾಯುವ ಬಳೆಗಳಲ್ಲಿ ಮಂಜುಗಡ್ಡೆ ಕಟ್ಟಿದರೆ ನೀರಲ್ಲಿ ಅದ್ದಿ ಕರಗಿಸಿ.

ಲೈಫ್ ಜಾಕೆಟ್ ಮೈಮೇಲೇ ಇರಲಿ, ಸೀಟಿನ ಕೆಳಗಲ್ಲ. ಈ ನೀರಿಗೆ ಬಿದ್ದರೆ ಕೈಕಾಲು ಬೇಗ ಸೋಲುತ್ತವೆ. ಲೈಸೆನ್ಸ್ ಬೇಕೇ ಬೇಕು. ಮಿನ್ನೆಸೋಟಾದ ಹೆಚ್ಚಿನ ಕೆರೆಗಳಲ್ಲಿ 54 ಇಂಚಿಗಿಂತ ಚಿಕ್ಕ ಮಸ್ಕಿಯನ್ನು ಇಟ್ಟುಕೊಳ್ಳುವಂತಿಲ್ಲ. ದೊಡ್ಡದನ್ನೂ ಬಿಡುವುದೇ ಇಲ್ಲಿನವರ ರೂಢಿ.

ಮೀನು ಬಲೆಗೆ ಬಂದ ಮೇಲೂ ನೀರಲ್ಲೇ ಇರಲಿ. ಉದ್ದ ಮೂತಿಯ ಇಕ್ಕಳದಿಂದ ಗಾಳ ಬಿಡಿಸಿ, ಆಗದಿದ್ದರೆ ಗಾಳವನ್ನೇ ಕತ್ತರಿಸಿ. ಹೆಪ್ಪುಗಟ್ಟುವ ಚಳಿಯಲ್ಲಿ ನೀರಿನಿಂದ ಹೊರತೆಗೆದರೆ ಮೀನಿನ ಕಿವಿರು, ಕಣ್ಣಿಗೆ ಪೆಟ್ಟಾಗುತ್ತದೆ. ಹಾಗಾಗಿ ಕ್ಯಾಮೆರಾ ಸಿದ್ಧವಾದ ಮೇಲೇ ಮೇಲೆತ್ತಿ, ಒಂದೇ ಫೋಟೊ. ಬಾಲದ ಬುಡ ಹಿಡಿದು ನೀರಲ್ಲಿ ನೆಟ್ಟಗೆ ನಿಲ್ಲಿಸಿ. ಅದಾಗಿಯೇ ಕೊಸರಿಕೊಂಡಾಗ ಬಿಟ್ಟುಬಿಡಿ. ಆಮೇಲೆ ಒದ್ದೆ ಕೈಗವಸು ಬಿಚ್ಚಿ ಬೇರೆ ಹಾಕಿಕೊಳ್ಳಿ. ಒಣಗಿದ್ದೊಂದು ಜೊತೆ ಚೀಲದಲ್ಲಿದೆ, ಅಲ್ವಾ?