ಕುದುರೆ ಮೇಲೆ ಕೂತರೆ ಕೈಕಾಲು ನಡುಗುತ್ತಾ? ಮೊದಲು ಉಸಿರು ಬಿಡಿ

ಸವಾರಿ ಕಲಿಯಲು ಬರುವ ದೊಡ್ಡವರು ಒಂದೇ ತಪ್ಪು ಮಾಡುವುದನ್ನು ವಾರವಾರವೂ ನೋಡುತ್ತೇನೆ. ಹೆದರಿಕೆಯಾದ ತಕ್ಷಣ ಹಲ್ಲು ಕಚ್ಚುತ್ತಾರೆ. ಉಸಿರು ಕಟ್ಟುತ್ತಾರೆ. ಲಗಾಮನ್ನು ಎದೆಗೆ ಎಳೆದುಕೊಂಡು, ಮಂಡಿಗಳಿಂದ ಜೀನನ್ನು ಅವುಚಿ ಹಿಡಿಯುತ್ತಾರೆ. ಕುದುರೆ ತಲೆ ಕೊಡವುತ್ತದೆ. ಪಕ್ಕದಲ್ಲಿ ನಿಂತವರು "ಧೈರ್ಯ ಮಾಡಿ ಸಾರ್, ಏನೂ ಆಗಲ್ಲ" ಅಂತ ಕೂಗುತ್ತಾರೆ. ಧೈರ್ಯ ಮಾಡಿ ಅಂದರೆ ಯಾರಿಗೂ ಧೈರ್ಯ ಬರುವುದಿಲ್ಲ. ಮುಂದಿನ ವಾರ ಆ ಮನುಷ್ಯ ಬರುವುದೇ ಇಲ್ಲ. ನನಗೆ ನಿಜಕ್ಕೂ ಬೇಜಾರಾಗುತ್ತದೆ, ಯಾಕೆಂದರೆ ಈ ಭಯ ಹೋಗುವಂಥದ್ದು. ನಾನು ಕಲಿಯಲು ಶುರು ಮಾಡಿದ್ದು 41ನೇ ವಯಸ್ಸಿನಲ್ಲಿ.

1. ಹೆದರಿಕೆ ಇದೆ ಅಂತ ಹೇಳಿಬಿಡಿ

ಕಲಿಸುವವರಿಗೆ ಮೊದಲ ದಿನವೇ ಹೇಳಿ. ಹಾಗೆ ಹೇಳಿದರೆ ವಯಸ್ಸಾದ, ನೂರಾರು ಹೊಸಬರನ್ನು ಹೊತ್ತು ಪಳಗಿದ ಕುದುರೆ ಕೊಡುತ್ತಾರೆ. ಸುಮ್ನೆ ಇದ್ದರೆ ಆ ದಿನ ಯಾವುದು ಖಾಲಿ ಇದೆಯೋ ಅದು ಸಿಗುತ್ತದೆ. ನೋಡಲು ಚೆನ್ನಾಗಿರುವ ಕುದುರೆ ಬೇಕು ಅನ್ನಬೇಡಿ. ರೇಸ್ ಮುಗಿಸಿ ಈಗಷ್ಟೇ ಬಂದ ಎಳೆಯ ಕುದುರೆ ಕೊಟ್ಟರೆ ಖಂಡಿತ ಬೇಡ ಅನ್ನಿ.

2. ಹತ್ತುವ ಮೊದಲು ಹದಿನೈದು ನಿಮಿಷ ನೆಲದ ಮೇಲೆ

ಕುದುರೆಯ ಕಣ್ಣು ತಲೆಯ ಎರಡು ಪಕ್ಕದಲ್ಲಿವೆ. ಸುತ್ತಲಿನ ಹೆಚ್ಚುಕಡಿಮೆ ಎಲ್ಲವೂ ಕಾಣುತ್ತದೆ. ಹಣೆಯ ನೇರ ಮುಂದೆ ಮತ್ತು ಬಾಲದ ಹಿಂದೆ ಮಾತ್ರ ಕಾಣುವುದಿಲ್ಲ. ಅದಕ್ಕೇ ಎಡ ಭುಜದ ಕಡೆಯಿಂದ, ಮಾತಾಡುತ್ತಾ ಹೋಗಿ. ಸೈಸ್ (ಕುದುರೆ ನೋಡಿಕೊಳ್ಳುವವರು) ಕೈಯಿಂದ ಬ್ರಶ್ ತೆಗೆದುಕೊಂಡು ಕುತ್ತಿಗೆಯಿಂದ ಬೆನ್ನಿನವರೆಗೆ ತಿಕ್ಕಿ. ಕಿವಿ ನೋಡುತ್ತಾ ಇರಿ. ಒಂದು ಕಿವಿ ನಿಮ್ಮ ಕಡೆ ತಿರುಗಿದ್ದರೆ ಅದು ನಿಮ್ಮನ್ನು ಕೇಳಿಸಿಕೊಳ್ಳುತ್ತಿದೆ. ಎರಡೂ ಹಿಂದಕ್ಕೆ ಒತ್ತಿ ಅಂಟಿಕೊಂಡಿದ್ದರೆ ಸಿಟ್ಟು ಬಂದಿದೆ, ಸರಿದು ನಿಲ್ಲಿ. ಈ ಕಿವಿ ಓದುವುದು ಬಂದರೆ ಅರ್ಧ ಭಯ ಇಳಿಯುತ್ತದೆ. ಮುಂದೆ ಏನಾಗಬಹುದು ಅಂತ ಗೊತ್ತಿಲ್ಲದೆ ಹುಟ್ಟುವ ಭಯವೇ ಜಾಸ್ತಿ ಅಲ್ವಾ?

3. ಸಾಮಾನು

ಸವಾರಿಗೆಂದೇ ಮಾಡಿದ ಹೆಲ್ಮೆಟ್ ಬೇಕು. ಬೈಕಿನದೂ ಬೇಡ, ಸೈಕಲಿನದೂ ಬೇಡ. ಬೂಟಿಗೆ ಒಂದು ಇಂಚಿನಷ್ಟು ಹಿಮ್ಮಡಿ ಇರಲಿ, ಇಲ್ಲದಿದ್ದರೆ ಪಾದ ರಿಕಾಪಿನೊಳಗೆ (ಜೀನಿನಿಂದ ಇಳಿಬಿದ್ದ, ಕಾಲಿಡುವ ಬಳೆ) ಜಾರಿ ಸಿಕ್ಕಿಕೊಳ್ಳುತ್ತದೆ. ಸ್ಪೋರ್ಟ್ಸ್ ಶೂ ಹಾಕಿಕೊಂಡು ಬರುವವರನ್ನು ನಾನಂತೂ ಹತ್ತಿಸುವುದಿಲ್ಲ. ಜೀನಿಗೆ ಅಂಟಿಕೊಳ್ಳಲಿ ಅಂತ ಮಾರುವ ಸ್ಪ್ರೇ, ಕೂರುವ ಜಾಗಕ್ಕೆಲ್ಲ ರಬ್ಬರಿನಂಥದ್ದು ಹಚ್ಚಿದ ದುಬಾರಿ ಪ್ಯಾಂಟು, ಇವೆರಡನ್ನೂ ಹೆದರುವವರು ಕೊಳ್ಳಬೇಡಿ. ಮೈ ಬಿಗಿಯಾಗಿಯೇ ಇರುತ್ತದೆ, ಆ ಬಿಗಿತ ಗೊತ್ತಾಗದ ಹಾಗೆ ಆಗುತ್ತದೆ ಅಷ್ಟೆ. ಧೈರ್ಯಕ್ಕೆ ಅಂತ ಒಂದು ಪೆಗ್ ಹಾಕಿ ಬಂದವರನ್ನೂ ನೋಡಿದ್ದೇನೆ. ದಯವಿಟ್ಟು ಬೇಡ.

4. ಹತ್ತುವುದು

ಮೆಟ್ಟಿಲಿನ ಮೇಲೆ ನಿಂತು ಹತ್ತಿ, ಮೆಲ್ಲಗೆ ಕೂರಿ.

5. ಉಸಿರು, ಮಂಡಿ, ಕೈ

ಎಲ್ಲರೂ ಎಡವುವುದು ಇಲ್ಲಿ, ಹಾಗಾಗಿ ನಿಧಾನವಾಗಿ ಓದಿ.

ಹೆದರಿದ ಮನುಷ್ಯ ಮುಂದಕ್ಕೆ ಬಾಗಿ ಮುದುಡಿಕೊಳ್ಳುತ್ತಾನೆ. ಮಂಡಿ ಒತ್ತಿದಷ್ಟೂ ಸೊಂಟ ಜೀನಿನಿಂದ ಮೇಲೇಳುತ್ತದೆ, ಹಿಮ್ಮಡಿ ಮೇಲಕ್ಕೆ ಹೋಗುತ್ತದೆ, ತೂಕ ಮುಂದಕ್ಕೆ ಬರುತ್ತದೆ. ಗಟ್ಟಿಯಾಗಿ ಹಿಡಿದಿದ್ದೇನೆ ಅಂತ ಅವನಿಗೆ ಅನಿಸುತ್ತದೆ, ಆದರೆ ಬೀಳುವುದು ಆಗಲೇ ಸುಲಭ. ಕುದುರೆಗೆ ಇನ್ನೂ ಕಷ್ಟ. ಕಾಲು ಒತ್ತಿದರೆ "ನಡಿ" ಅಂತ, ಲಗಾಮು ಎಳೆದರೆ "ನಿಲ್ಲು" ಅಂತ ಅದಕ್ಕೆ ಕಲಿಸಿರುತ್ತಾರೆ. ಎರಡನ್ನೂ ಒಟ್ಟಿಗೆ ಹೇಳಿದರೆ ಅದು ಏನು ಮಾಡಬೇಕು?

ಸವಾರನ ಆತಂಕ ಕುದುರೆಗೆ ದಾಟುತ್ತದೆ ಅನ್ನುವುದು ಬರೀ ಲಾಯದ ಮಾತಲ್ಲ. ಸ್ವೀಡನ್ನಿನ ಸಂಶೋಧಕರು 2009ರಲ್ಲಿ ಒಂದು ಪರೀಕ್ಷೆಯ ಫಲಿತಾಂಶ ಪ್ರಕಟಿಸಿದರು. ಜನರು ಕುದುರೆಯನ್ನು ಒಂದೇ ದಾರಿಯಲ್ಲಿ ನಾಲ್ಕು ಸಲ ಕರೆದುಕೊಂಡು ಹೋಗಬೇಕು, ಕೆಲವರು ಹಿಡಿದುಕೊಂಡು, ಕೆಲವರು ಹತ್ತಿಕೊಂಡು. ನಾಲ್ಕನೇ ಸಲ ಹೊರಡುವ ಮೊದಲು, ದಾರಿಯಲ್ಲಿ ಛತ್ರಿ ಬಿಚ್ಚುತ್ತೇವೆ ಅಂತ ಅವರಿಗೆ ಹೇಳಿದರು. ಛತ್ರಿ ಬಿಚ್ಚಲೇ ಇಲ್ಲ. ಆದರೂ ಮನುಷ್ಯರ ಎದೆಬಡಿತ ಏರಿತು, ಕುದುರೆಗಳದ್ದೂ ಏರಿತು.

ಈಗ ಮಾಡಬೇಕಾದದ್ದು. ಕುದುರೆ ನಿಂತಿರಲಿ, ಸೈಸ್ ಹಿಡಿದುಕೊಂಡಿರಲಿ. ಪಾದಗಳನ್ನು ರಿಕಾಪಿನಿಂದ ತೆಗೆದು ಜೋತುಬಿಡಿ. ಕಣಕಾಲು ತಿರುಗಿಸಿ. ಎರಡೂ ತೊಡೆಗಳನ್ನು ಜೀನಿನಿಂದ ಒಂದಿಷ್ಟು ದೂರ ಎತ್ತಿ, ಹಾಗೇ ಬಿಟ್ಟುಬಿಡಿ. ಐದಾರು ಸಲ ಮಾಡಿ. ಬಿಟ್ಟಾಗ ಕಾಲು ಎಲ್ಲಿ ಬೀಳುತ್ತದೋ ಅದೇ ಅದರ ಜಾಗ. ಈಗ ರಿಕಾಪು ಹಾಕಿಕೊಳ್ಳಿ.

ಇನ್ನು ಉಸಿರು. ಬಿಸಿ ಕಾಫಿ ಆರಿಸುವ ಹಾಗೆ ತುಟಿ ಮಾಡಿ ಪೂರ್ತಿ ಹೊರಗೆ ಬಿಡಿ. ತೆಗೆದುಕೊಳ್ಳುವುದರ ಚಿಂತೆ ಬೇಡ, ಅದು ತಾನಾಗೇ ಬರುತ್ತದೆ. ಕುದುರೆ ನಡೆಯಲು ಶುರು ಮಾಡಿದ ಮೇಲೆ ಅದರ ಎಡ ಭುಜ ಮುಂದೆ ಬರುವುದನ್ನು ಎಣಿಸಿ. ಮೂರು ಎಣಿಸುವಷ್ಟು ಹೊತ್ತು ಒಳಗೆ, ಐದು ಎಣಿಸುವಷ್ಟು ಹೊತ್ತು ಹೊರಗೆ. ಬಿಡುವ ಉಸಿರು ಉದ್ದ ಇರಬೇಕು. ಲೆಕ್ಕ ತಪ್ಪುತ್ತಿದ್ದರೆ ಜೋರಾಗಿ ಮಗ್ಗಿ ಹೇಳಿ. ಎರಡೊಂದ್ಲಿ ಎರಡು, ಎರಡೆರಡ್ಲಿ ನಾಲ್ಕು. ಬಾಯಿ ತೆರೆದು ಮಗ್ಗಿ ಹೇಳುತ್ತಾ ಉಸಿರು ಕಟ್ಟಲು ಯಾರಿಂದಲೂ ಆಗುವುದಿಲ್ಲ. ನಾಚಿಕೆ ಬೇಡ, ಅಂಗಳದಲ್ಲಿ ಇರುವವರೆಲ್ಲ ಒಂದು ದಿನ ಹೆದರಿದವರೇ.

ಕೈಗೆ ಹಿಡಿಯಲು ಏನಾದರೂ ಬೇಕು ಅನಿಸುವುದು ಸಹಜ. ಲಗಾಮನ್ನು ಆಧಾರ ಮಾಡಿಕೊಳ್ಳಬೇಡಿ, ಅದರ ಇನ್ನೊಂದು ತುದಿ ಕುದುರೆಯ ಬಾಯಲ್ಲಿದೆ. ಹಳೆಯ ರಿಕಾಪಿನ ಪಟ್ಟಿಯೊಂದನ್ನು ಕುದುರೆಯ ಕುತ್ತಿಗೆಗೆ ಕಟ್ಟಿಸಿ. ಗಾಬರಿಯಾದಾಗ ಎರಡು ಬೆರಳು ಅದರೊಳಗೆ ತೂರಿಸಿ. ಕಣ್ಣು ನೆಲದ ಮೇಲೆ ಬೇಡ. ಎದುರಿಗೆ ಒಂದು ಮರವನ್ನೋ ಕಂಬವನ್ನೋ ನೋಡಿ.

ನನಗೆ ಇದನ್ನು ಕಲಿಸಿದ್ದು ಒಬ್ಬರು ಹಿರಿಯ ಸೈಸ್. "ಅಮ್ಮಾ, ನೀವು ಮೊದಲು ಉಸಿರು ಬಿಡಿ. ಆಮೇಲೆ ಅದೂ ಬಿಡುತ್ತೆ" ಅಂದರು. ಮೂರನೇ ಸುತ್ತಿಗೆ ಆ ಕಂದು ಹೆಣ್ಣು ಕುದುರೆ ಮೂಗಿನಿಂದ ಬುರ್ರ್ ಅಂತ ಉಸಿರು ಬಿಟ್ಟು, ಕುತ್ತಿಗೆ ಇಳಿಸಿ, ಬಾಯಿ ಚಪ್ಪರಿಸಿತು. ನನ್ನ ತೊಡೆಯ ಕೆಳಗೆ ಅದರ ಬೆನ್ನು ಮೆತ್ತಗಾದದ್ದು ಗೊತ್ತಾಯಿತು. ಆ ಬುರ್ರ್ ಬರುವವರೆಗೆ ನಡಿಗೆಯಲ್ಲೇ ಇರಿ. ಒಂದು ದಿನ ಆದರೂ ಸರಿ, ಒಂದು ತಿಂಗಳು ಆದರೂ ಸರಿ.

6. ನಿಲ್ಲಿಸುವುದನ್ನು ಕಲಿಯಿರಿ

ನಿಲ್ಲಿಸಲು ಬರುತ್ತದೆ ಅಂತ ಗೊತ್ತಿದ್ದರೆ ಭಯಕ್ಕೆ ಜಾಗ ಕಡಿಮೆ. ಉಸಿರು ಬಿಡುತ್ತಾ ಭಾರವಾಗಿ ಕೂರಿ, ಲಗಾಮಿನ ಮೇಲೆ ಬೆರಳು ಮುಚ್ಚಿ, ನಿಂತ ಕೂಡಲೇ ಬೆರಳು ಸಡಿಲ ಬಿಡಿ. ಒಂದು ತರಗತಿಯಲ್ಲಿ ಇಪ್ಪತ್ತು ಸಲ ಮಾಡಿ. ನೀವು ಹೇಳದೆಯೇ ಕುದುರೆ ವೇಗ ಹೆಚ್ಚಿಸಿದರೆ ಎರಡೂ ಲಗಾಮು ಜಗ್ಗಬೇಡಿ, ದೊಡ್ಡ ಸುತ್ತಿಗೆ ತಿರುಗಿಸಿ, ಸುತ್ತನ್ನು ನಿಧಾನವಾಗಿ ಚಿಕ್ಕದು ಮಾಡಿ. ವೇಗದಲ್ಲಿ ಥಟ್ಟನೆ ತಿರುಗಿಸಿದರೆ ಕುದುರೆಯೇ ಜಾರಿ ಬೀಳಬಹುದು. ಇದನ್ನೂ ನಡಿಗೆಯಲ್ಲೇ ಅಭ್ಯಾಸ ಮಾಡಿಟ್ಟುಕೊಳ್ಳಿ.

7. ಟ್ರಾಟ್ (ನಿಧಾನದ ಓಟ)

ಬೆಂಗಳೂರಿನ ಫವಾದ್ ಮಿರ್ಜಾ 2018ರ ಏಷ್ಯನ್ ಗೇಮ್ಸ್‌ನಲ್ಲಿ ಎರಡು ಬೆಳ್ಳಿ ಗೆದ್ದವರು, ಟೋಕಿಯೊ ಒಲಿಂಪಿಕ್ಸ್‌ನಲ್ಲೂ ಸವಾರಿ ಮಾಡಿದವರು. ಅವರು ಬೇಲಿ ಹಾರಿಸುವ ವಿಡಿಯೊ ನೋಡಿ ಬಂದವರು ಎರಡನೇ ವಾರಕ್ಕೇ ಓಡಿಸಬೇಕು ಅನ್ನುತ್ತಾರೆ. ಅವಸರ ಬೇಡ. ಮೊದಲ ಟ್ರಾಟ್ ಉದ್ದ ಹಗ್ಗದಲ್ಲಿ, ಕಲಿಸುವವರ ಸುತ್ತ ಇರಲಿ. ಹತ್ತು ಹೆಜ್ಜೆ ಓಟ, ಮತ್ತೆ ನಡಿಗೆ. ಸರಿ ಅನಿಸಿದರೆ ಹದಿನೈದು.

ಮೈಸೂರಿನಲ್ಲಿ ಕುದುರೆಗಳಿಗೂ ಹೀಗೆಯೇ ಕಲಿಸುತ್ತಾರೆ. ಜಂಬೂ ಸವಾರಿಯ ದಿನ 21 ಕುಶಾಲತೋಪು ಹಾರಿಸುತ್ತಾರೆ. ಆ ಸದ್ದಿಗೆ ಬೆಚ್ಚದಿರಲಿ ಅಂತ ದಸರಾಕ್ಕೆ ಮೊದಲೇ ಆನೆಗಳ ಜೊತೆ ಪೊಲೀಸ್ ಕುದುರೆಗಳನ್ನೂ ನಿಲ್ಲಿಸಿ ಫಿರಂಗಿ ತಾಲೀಮು ಕೊಡುತ್ತಾರೆ. ಒಂದೇ ದಿನಕ್ಕೆ ಮುಗಿಸುವುದಿಲ್ಲ.

ಬಿದ್ದರೆ?

"ಬಿದ್ದ ತಕ್ಷಣ ಮತ್ತೆ ಹತ್ತಬೇಕು, ಇಲ್ಲಾಂದ್ರೆ ಭಯ ಕೂತುಬಿಡುತ್ತೆ" ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಒಂದು ಕಡೆ ನನ್ನನ್ನು ಹಾಗೇ ಹತ್ತಿಸಿದರು. ತಲೆ ಸುತ್ತುತ್ತಿತ್ತು, ಹೇಳಿದರೂ ಕೇಳಲಿಲ್ಲ. ತಲೆಗೆ ಪೆಟ್ಟು ಬಿದ್ದಿದ್ದರೆ ಆ ದಿನ ಸವಾರಿ ಮುಗಿಯಿತು, ನೇರ ಡಾಕ್ಟರ ಹತ್ತಿರ ಹೋಗಿ. ಪೆಟ್ಟು ತಿಂದ ಹೆಲ್ಮೆಟ್ಟನ್ನು ಹೊರಗೆ ಬಿರುಕು ಕಾಣದಿದ್ದರೂ ಎಸೆಯಿರಿ. ಏನೂ ಆಗಿಲ್ಲದಿದ್ದರೆ ಕುದುರೆಯನ್ನು ಹಿಡಿದು ಎರಡು ಸುತ್ತು ಜೊತೆಗೆ ನಡೆಯಿರಿ. ಹತ್ತಬೇಕು ಅನಿಸಿದರೆ ಮಾತ್ರ ಹತ್ತಿ.

ತರಗತಿ ಮುಗಿದ ಮೇಲೆ ಇಳಿದು, ಜೀನು ಬಿಗಿಯುವ ಹೊಟ್ಟೆಪಟ್ಟಿಯನ್ನು ಒಂದೆರಡು ತೂತು ಸಡಿಲಿಸಿ, ನೀವೇ ಲಾಯದವರೆಗೆ ನಡೆಸಿಕೊಂಡು ಹೋಗಿ. ಇವತ್ತು ಎಲ್ಲಿ ಉಸಿರು ಕಟ್ಟಿತು ಅಂತ ಕಲಿಸುವವರಿಗೆ ಹೇಳಿ. ಮುಂದಿನ ವಾರಕ್ಕೂ ಅದೇ ಕುದುರೆ ಬೇಕು ಅಂತ ಆಗಲೇ ಕೇಳಿಟ್ಟು ಬನ್ನಿ.