ಸಕ್ಕರೆಯ ಕಳ್ಳ ಮುದ್ದೆಯಲ್ಲಿರಲಿಲ್ಲ

ಸಕ್ಕರೆ ಕಾಯಿಲೆಗೆಂದು ಕೋಲಾರದ ಆ ಕ್ಲಿನಿಕ್‌ಗೆ ಹೋದಾಗಲೆಲ್ಲ ಡಾಕ್ಟರದು ಒಂದೇ ಮಂಗಳಾರತಿ: "ಮುದ್ದೆ ಜಾಸ್ತಿ ಉಣ್ಣುತ್ತೀರಿ, ಸುಳ್ಳು ಹೇಳಬೇಡಿ." ಖಾಲಿ ಹೊಟ್ಟೆಯ ಸಕ್ಕರೆ 110ರ ಆಸುಪಾಸು, ಸುಮಾರು ಮೂರು ತಿಂಗಳ ಸರಾಸರಿ ತಿಳಿಸುವ ಎಚ್‌ಬಿಎ1ಸಿ ಮಾತ್ರ ಜಾಸ್ತಿ, 8.4. ನನ್ನ ಮಾತು ಮುಗಿಯುವ ಮೊದಲೇ ಹೊಸ ಮಾತ್ರೆ ಬರೆದಾಗಿರುತ್ತಿತ್ತು.

ರೋಸಿಹೋಗಿ ಗ್ಲುಕೋಮೀಟರ್ ಕೊಂಡೆ. ಎರಡು ವಾರ, ಊಟಕ್ಕೆ ಮುಂಚೆ ಒಮ್ಮೆ, ಊಟವಾಗಿ ಎರಡು ಗಂಟೆ ಕಳೆದ ಮೇಲೆ ಒಮ್ಮೆ ಬೆರಳು ಚುಚ್ಚಿಕೊಂಡು, ತಿಂದದ್ದರ ಸಮೇತ ಬರೆದಿಟ್ಟೆ. ಕಳ್ಳ ಸಿಕ್ಕಿದ್ದು ಬೆಳಗಿನ ತಿಂಡಿಯಲ್ಲಿ! ಐದು ಇಡ್ಲಿಯ ದಿನ 240. ಒಂದು ಸಣ್ಣ ಮುದ್ದೆ, ಬಸ್ಸಾರು ಉಂಡ ಮಧ್ಯಾಹ್ನ 170. (ಮುದ್ದೆಯೂ ಸಕ್ಕರೆ ಏರಿಸುತ್ತದೆ, ನಾನು ಅಳತೆ ಮೀರುತ್ತಿರಲಿಲ್ಲ, ಅಷ್ಟೆ.)

ಪುಸ್ತಕವನ್ನು ಮೇಜಿನ ಮೇಲಿಟ್ಟಾಗ ಡಾಕ್ಟರು ಮೊದಲ ಬಾರಿಗೆ ಕನ್ನಡಕ ಏರಿಸಿಕೊಂಡು ಓದಿದರು. ಮಾತ್ರೆಯ ಹೊತ್ತು ಬದಲಿಸಿದರು. ಇಡ್ಲಿ ಎರಡಕ್ಕಿಳಿಯಿತು, ಜೊತೆಗೆ ಮೊಳಕೆ ಹೆಸರುಕಾಳು. ಈ ಸಲ ಎಚ್‌ಬಿಎ1ಸಿ 7.1. ಮುದ್ದೆ ಹಾಗೆಯೇ ಇದೆ.